ದಾಖಲೆ ಪುಸ್ತಕ ಸರಿಯಾಗಿದೆ, ರಾತ್ರಿ ಪಾಳಿ ಸರಿಯಾಗಿಲ್ಲ: ಆಹಾರ ಸುರಕ್ಷತಾ ಸಂಸ್ಕೃತಿಯನ್ನು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ (ಗುಣಮಟ್ಟ ವಿಭಾಗದಿಂದ)

ಎಲ್ಲರಿಗೂ ನಮಸ್ಕಾರ. ನೇರವಾಗಿ ತಿನ್ನಬಹುದಾದ ಆಹಾರವನ್ನು ತಯಾರಿಸಿ ಪ್ಯಾಕ್ ಮಾಡುವ ಮಧ್ಯಮ ಗಾತ್ರದ ಕಂಪನಿಯೊಂದರಲ್ಲಿ ನಾನು ಗುಣಮಟ್ಟ ವಿಭಾಗದ ಹೊಣೆ ಹೊತ್ತಿದ್ದೇನೆ. ಕಳೆದ ಆಡಿಟ್‌ನಲ್ಲಿ ನಮ್ಮ ಹ್ಯಾಸಪ್ (ಆಹಾರದಲ್ಲಿನ ಅಪಾಯಗಳನ್ನು ಮೊದಲೇ ಗುರುತಿಸಿ ತಡೆಯುವ ವ್ಯವಸ್ಥೆ) ದಾಖಲೆಗಳಲ್ಲಿ ಹೇಳಿಕೊಳ್ಳುವಂತಹ ದೋಷವೇನೂ ಸಿಗಲಿಲ್ಲ. ಆದರೆ ಆಡಿಟರ್ ಕೊನೆಯಲ್ಲಿ, "ಆಹಾರ ಸುರಕ್ಷತಾ ಸಂಸ್ಕೃತಿಯನ್ನು ಬೆಳೆಸಲು ನೀವು ಹಾಕಿಕೊಂಡ ಯೋಜನೆ ಎಲ್ಲಿದೆ?" ಎಂದು ಕೇಳಿದರು. 2020ರಲ್ಲಿ ಪರಿಷ್ಕೃತವಾದ ಕೋಡೆಕ್ಸ್ (ಅಂತರರಾಷ್ಟ್ರೀಯ ಆಹಾರ ಮಾನದಂಡ) ನೈರ್ಮಲ್ಯ ತತ್ತ್ವಗಳಲ್ಲಿ ಈ ವಿಷಯ ಸೇರಿರುವುದೂ, 2021ರಲ್ಲಿ ಐರೋಪ್ಯ ಒಕ್ಕೂಟವು ತನ್ನ ಆಹಾರ ನೈರ್ಮಲ್ಯ ನಿಯಮದಲ್ಲಿಯೇ ಇದನ್ನು ಅಳವಡಿಸಿರುವುದೂ ನನಗೆ ಗೊತ್ತು. ಹಾಗಾಗಿ ಗೋಡೆಗಳಿಗೆ ಪೋಸ್ಟರ್ ಹಚ್ಚಿಸಿದೆವು, ಎಲ್ಲರಿಗೂ ತರಬೇತಿ ಕೊಟ್ಟೆವು, ಪರೀಕ್ಷೆಯನ್ನೂ ನಡೆಸಿದೆವು.

ನನ್ನ ನೆಮ್ಮದಿ ಕೆಟ್ಟದ್ದು ಅದಾದ ಮೇಲೆ. ಒಂದು ರಾತ್ರಿ ಯಾರಿಗೂ ಹೇಳದೆ ಎರಡು ಗಂಟೆಯ ಹೊತ್ತಿಗೆ ಪ್ಯಾಕಿಂಗ್ ಲೈನ್‌ಗೆ ಹೋದೆ. ಮೆಟಲ್ ಡಿಟೆಕ್ಟರ್ ಅನ್ನು ಗಂಟೆಗೊಮ್ಮೆ ಮೂರು ಬಗೆಯ ಟೆಸ್ಟ್ ಪೀಸ್‌ಗಳಿಂದ (ಯಂತ್ರ ಹಿಡಿಯುತ್ತದೆಯೇ ಎಂದು ನೋಡಲು ಬೇಕೆಂದೇ ಹಾಯಿಸುವ ಲೋಹದ ತುಣುಕುಗಳು) ಪರೀಕ್ಷಿಸಿ, ಆ ಫಲಿತಾಂಶವನ್ನು ಆಗಲೇ ಬರೆಯಬೇಕೆಂಬುದು ನಮ್ಮ ನಿಯಮ. ಪುಸ್ತಕ ತೆರೆದು ನೋಡಿದರೆ ಬೆಳಗಿನ ಆರು ಗಂಟೆಯವರೆಗಿನ ಎಲ್ಲ ಸಾಲುಗಳೂ ತುಂಬಿದ್ದವು: ಒಂದೇ ಪೆನ್ನು, ಒಂದೇ ಓರೆಯ ಅಕ್ಷರ, ಎಲ್ಲ ಕಡೆಯೂ "ಸರಿ". ಆಪರೇಟರ್ ಗಾಬರಿಯಾಗಲೂ ಇಲ್ಲ. "ಪಾಳಿ ಮುಗಿಯುವಾಗ ಬರೆಯಲು ಪುರುಸೊತ್ತು ಸಿಗುವುದಿಲ್ಲ ಸರ್, ಅದಕ್ಕೇ ಈಗಲೇ ಬರೆದಿಟ್ಟೆ" ಎಂದರು. ಅದೇ ವ್ಯಕ್ತಿ ತರಬೇತಿಯ ಪರೀಕ್ಷೆಯಲ್ಲಿ 20ಕ್ಕೆ 18 ಅಂಕ ಪಡೆದಿದ್ದರು.

ಮಾಲೀಕರು ದಂಡ ಹಾಕೋಣ ಎನ್ನುತ್ತಿದ್ದಾರೆ. ನನಗೆ ಅದು ಸರಿಯಾದ ದಾರಿ ಎನಿಸುತ್ತಿಲ್ಲ, ಆದರೆ ಬೇರೆ ದಾರಿಯೂ ತೋಚುತ್ತಿಲ್ಲ. ಗೊತ್ತಿದ್ದೂ ಮಾಡದವರನ್ನು ಮಾಡುವಂತೆ ಮಾಡುವುದು ಹೇಗೆ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1 (ನಿವೃತ್ತ ಆಡಿಟರ್)

ದಂಡವನ್ನು ಸದ್ಯಕ್ಕೆ ಬದಿಗಿಡಿ. ಅದಕ್ಕೂ ಮೊದಲು ಆ ಪುಸ್ತಕದ ಹಿಂದಿನ ಒಂದು ವರ್ಷದ ಪುಟಗಳನ್ನು ತಿರುವಿ, ಎಷ್ಟು ಕಡೆ "ವಿಫಲ" ಎಂದು ಬರೆದಿದೆ ಎಂದು ಎಣಿಸಿ. ಒಂದೂ ಇಲ್ಲದಿದ್ದರೆ ಯಂತ್ರ ಚೆನ್ನಾಗಿದೆ ಎಂದು ಹಿಗ್ಗಬೇಡಿ. ಹಗಲಿರುಳೂ ಓಡುವ ಯಂತ್ರವೊಂದು ವರ್ಷವಿಡೀ ಒಮ್ಮೆಯೂ ಕೈಕೊಡಲಿಲ್ಲ ಎಂದರೆ, ಕೈಕೊಟ್ಟದ್ದನ್ನು ಬರೆಯಲು ಯಾರಿಗೂ ಧೈರ್ಯವಿರಲಿಲ್ಲ ಎಂದೇ ನಾನು ಓದಿಕೊಳ್ಳುತ್ತಿದ್ದೆ.

ಒಮ್ಮೆ ಪರೀಕ್ಷೆ ವಿಫಲವಾದರೆ ಏನಾಗುತ್ತದೆ ಎಂಬುದನ್ನು ಆಪರೇಟರ್‌ನ ಜಾಗದಲ್ಲಿ ನಿಂತು ಯೋಚಿಸಿ. ಹಿಂದಿನ ಸರಿಯಾದ ಪರೀಕ್ಷೆಯಿಂದ ಈಚೆಗೆ ಪ್ಯಾಕ್ ಆದದ್ದನ್ನೆಲ್ಲ ಹೊರಗೆ ಕಳುಹಿಸದೆ ಹೋಲ್ಡ್‌ನಲ್ಲಿ ಇಡಬೇಕು, ಯಂತ್ರ ಸರಿಯಾದ ಮೇಲೆ ಮತ್ತೆ ಅದರ ಮೂಲಕ ಹಾಯಿಸಬೇಕು. ಲೈನ್ ನಿಲ್ಲುತ್ತದೆ, ಉತ್ಪಾದನಾ ವಿಭಾಗದ ಮುಖ್ಯಸ್ಥರ ಫೋನ್ ಬರುತ್ತದೆ. ಆ ಫೋನ್‌ನಲ್ಲಿ ಮೊದಲು ಕೇಳಿಬರುವ ಮಾತು ಯಾವುದೋ ಅದೇ ನಿಮ್ಮ ಕಂಪನಿಯ ಸಂಸ್ಕೃತಿ. "ನಿಲ್ಲಿಸಿದ್ದು ಒಳ್ಳೆಯದಾಯಿತು, ಎಷ್ಟು ಪೆಟ್ಟಿಗೆ ಹೋಲ್ಡ್ ಮಾಡಿದಿರಿ?" ಎಂದೋ, ಅಥವಾ "ನಿನಗೇನು ತಲೆ ಕೆಟ್ಟಿದೆಯೇ, ಗಾಡಿ ಹೊರಡುವ ಸಮಯವಾಯಿತು" ಎಂದೋ?

"ಸುರಕ್ಷತಾ ಸಂಸ್ಕೃತಿ" ಎಂಬ ಪದ ಬಳಕೆಗೆ ಬಂದದ್ದು ಆಹಾರ ಉದ್ಯಮದಿಂದಲ್ಲ, 1986ರ ಚೆರ್ನೋಬಿಲ್ ಅಣು ದುರಂತದ ನಂತರದ ವರದಿಗಳಿಂದ. ಅಲ್ಲಿಯೂ ನಿಯಮಗಳಿಗೆ ಕೊರತೆ ಇರಲಿಲ್ಲ. ನಮ್ಮ ಕ್ಷೇತ್ರದಲ್ಲಿ ನನಗೆ ಥಟ್ಟನೆ ನೆನಪಾಗುವುದು 2005ರಲ್ಲಿ ದಕ್ಷಿಣ ವೇಲ್ಸ್‌ನಲ್ಲಿ ಹಬ್ಬಿದ ಇ. ಕೋಲೈ ಒ157 ಎಂಬ ಅಪಾಯಕಾರಿ ಬ್ಯಾಕ್ಟೀರಿಯಾದ ಪ್ರಕರಣ. ಶಾಲೆಗಳಿಗೆ ಮಾಂಸ ಸರಬರಾಜು ಮಾಡುತ್ತಿದ್ದ ವ್ಯಾಪಾರಿಯೊಬ್ಬರು ಹಸಿ ಮಾಂಸಕ್ಕೂ ಬೇಯಿಸಿದ ಮಾಂಸಕ್ಕೂ ಒಂದೇ ವ್ಯಾಕ್ಯೂಮ್ ಪ್ಯಾಕಿಂಗ್ ಯಂತ್ರ ಬಳಸಿದ್ದರು. 150ಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಐದು ವರ್ಷದ ಮಗುವೊಂದು ತೀರಿಕೊಂಡಿತು. ಆ ವ್ಯಾಪಾರಿಯ ಬಳಿಯೂ ಹ್ಯಾಸಪ್ ಯೋಜನೆಯ ಕಾಗದ ಇತ್ತು, ತಪಾಸಣೆಗಳೂ ನಡೆದಿದ್ದವು.

ಉತ್ತರ 2 (ಪ್ಯಾಕಿಂಗ್ ಲೈನ್ ಮೇಲ್ವಿಚಾರಕಿ)

ಆಡಿಟರ್ ಅವರ ಮಾತನ್ನು ಒಪ್ಪುತ್ತೇನೆ, ಆದರೆ ಭಯ ಒಂದೇ ಕಾರಣವಲ್ಲ. ಪ್ರಶ್ನೆ ಕೇಳಿದ ಸರ್ ಅವರಿಗೆ ನನ್ನದೊಂದು ಮರುಪ್ರಶ್ನೆ: ನಿಮ್ಮ ಟೆಸ್ಟ್ ಪೀಸ್‌ಗಳು ಎಲ್ಲಿ ಇರುತ್ತವೆ?

ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಅವು ಕಳೆದುಹೋಗಬಾರದೆಂದು ಗುಣಮಟ್ಟ ವಿಭಾಗದ ಬೀರುವಿನಲ್ಲಿ ಬೀಗ ಹಾಕಿ ಇಡುತ್ತಿದ್ದರು. ಅವುಗಳನ್ನು ತರಬೇಕಾದರೆ ಕೋಟು, ಬೂಟು ಕಳಚಿ ಹೊರಗೆ ಹೋಗಬೇಕು, ಬೀಗದ ಕೈ ಇರುವವರನ್ನು ಹುಡುಕಬೇಕು, ಮತ್ತೆ ಕೈ ತೊಳೆದು, ಕೋಟು ತೊಟ್ಟು ಒಳಗೆ ಬರಬೇಕು. ಹೋಗಿ ಬರಲು ಹನ್ನೆರಡು ನಿಮಿಷ. ರಾತ್ರಿ ಲೈನ್‌ನ ಕೊನೆಯಲ್ಲಿ ಇರುತ್ತಿದ್ದದ್ದು ಒಬ್ಬನೇ ಆಪರೇಟರ್. ಅವನು ಹೋದರೆ ಪೆಟ್ಟಿಗೆಗಳು ಬೆಲ್ಟ್ ಮೇಲೆ ರಾಶಿ ಬೀಳುತ್ತಿದ್ದವು. ನಿಯಮ ಬರೆದವರು ಯಾರೂ ಈ ದಾರಿಯನ್ನು ಒಮ್ಮೆಯೂ ನಡೆದು ನೋಡಿರಲಿಲ್ಲ. ಕಡೆಗೆ ಯಂತ್ರದ ಪಕ್ಕದಲ್ಲೇ, ಮೂರು ಪೀಸ್‌ಗಳ ಆಕಾರಕ್ಕೆ ಸರಿಯಾಗಿ ಕೊರೆದ ಪೆಟ್ಟಿಗೆಯೊಂದನ್ನು ಇಟ್ಟರು. ಒಂದು ಪೀಸ್ ಕಾಣದಿದ್ದರೆ ಆ ಖಾಲಿ ಗುಂಡಿ ದೂರದಿಂದಲೇ ಕಣ್ಣಿಗೆ ಬೀಳುತ್ತಿತ್ತು. ಅಂದಿನಿಂದ ಸುಳ್ಳು ಬರೆಯುವ ಅಗತ್ಯವೇ ಬಹುಮಟ್ಟಿಗೆ ಹೋಯಿತು.

ಇನ್ನೊಂದು ವಿಷಯ, ಇದನ್ನು ಕಚೇರಿಯಲ್ಲಿ ಕೂತವರು ಕೇಳಲು ಇಷ್ಟಪಡುವುದಿಲ್ಲ. ವಾಂತಿ ಅಥವಾ ಭೇದಿ ಆದವರು ಆಹಾರ ಮುಟ್ಟಬಾರದು, ವಾಸಿಯಾದ ಮೇಲೂ ಎರಡು ದಿನ ಕೆಲಸಕ್ಕೆ ಬರಬಾರದು ಎಂದು ತರಬೇತಿಯಲ್ಲಿ ಹೇಳುತ್ತಾರೆ. ಆದರೆ ಹಾಗೆ ಹೇಳಿಕೊಂಡವರ ಆ ದಿನಗಳ ಕೂಲಿ ಕತ್ತರಿಸುತ್ತಾರೆ. ದಿನಗೂಲಿಯ ಮೇಲೆ ಮನೆ ನಡೆಸುವವರು ಬಾಯಿ ಬಿಡುತ್ತಾರೆಯೇ? ಹೊಟ್ಟೆ ಹಿಡಿದುಕೊಂಡೇ ಬಂದು ನಿಲ್ಲುತ್ತಾರೆ. ಕಂಪನಿ ಆ ಎರಡು ದಿನದ ಕೂಲಿ ಕೊಡುವವರೆಗೆ ಈ ವಿಷಯದಲ್ಲಿ ಯಾವ ಪೋಸ್ಟರ್‌ನಿಂದಲೂ ಪ್ರಯೋಜನವಿಲ್ಲ.

ಉತ್ತರ 3 (ಸೂಕ್ಷ್ಮಜೀವಿ ಪ್ರಯೋಗಾಲಯ)

ಮೇಲಿನ ಎರಡೂ ಉತ್ತರಗಳಿಗೆ ಲ್ಯಾಬ್ ಕಡೆಯಿಂದ ನನ್ನದೂ ಸ್ವಲ್ಪ ಸೇರಿಸುತ್ತೇನೆ. ನಿಮ್ಮದು ನೇರವಾಗಿ ತಿನ್ನುವ ಆಹಾರವಾದ್ದರಿಂದ ಲಿಸ್ಟೀರಿಯಾ ಎಂಬ ರೋಗಕಾರಕ ಬ್ಯಾಕ್ಟೀರಿಯಾ ನಿಮ್ಮ ದೊಡ್ಡ ಚಿಂತೆಯಾಗಿರಬೇಕು. ಅದು ಫ್ರಿಜ್‌ನ ತಂಪಿನಲ್ಲಿಯೂ ನಿಧಾನವಾಗಿ ಬೆಳೆಯುತ್ತದೆ, ಮೋರಿಯ ಬಾಯಿ, ಯಂತ್ರದ ಸಂದು, ಸವೆದ ಗ್ಯಾಸ್ಕೆಟ್ ಮುಂತಾದ ಕಡೆ ತಿಂಗಳುಗಟ್ಟಲೆ ಬೀಡುಬಿಟ್ಟಿರುತ್ತದೆ. ಸ್ವಾಬ್ ತೆಗೆಯುವ, ಅಂದರೆ ಜಾಗಗಳನ್ನು ಒರೆಸಿ ಪರೀಕ್ಷೆಗೆ ಮಾದರಿ ತೆಗೆಯುವ ಹುಡುಗನಿಗೆ ಅದು ಎಲ್ಲಿ ಸಿಗಬಹುದೆಂದು ಚೆನ್ನಾಗಿ ಗೊತ್ತಿರುತ್ತದೆ. ಪಾಸಿಟಿವ್ ಬಂದಾಗಲೆಲ್ಲ ಬೈಗುಳ ತಿನ್ನುವುದಾದರೆ, ಆಗಷ್ಟೇ ತೊಳೆದ ನಯವಾದ ಸ್ಟೀಲ್ ಮೇಜಿನ ಮೇಲೆ ಸ್ವಾಬ್ ಎಳೆಯಲು ಅವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಕೆನಡಾದ ಮೇಪಲ್ ಲೀಫ್ ಫುಡ್ಸ್ ಕಂಪನಿಯ ಮಾಂಸದಿಂದ 2008ರಲ್ಲಿ ಲಿಸ್ಟೀರಿಯಾ ಹಬ್ಬಿ 20ಕ್ಕೂ ಹೆಚ್ಚು ಜನ ಸತ್ತರು. ಮಾಂಸ ಕತ್ತರಿಸುವ ಯಂತ್ರಗಳ ಒಳಭಾಗದಲ್ಲಿ ಅದು ಅಡಗಿತ್ತು. ಅದಕ್ಕೂ ಮುಂಚೆ ಕಾರ್ಖಾನೆಯೊಳಗಿನ ಸ್ವಾಬ್‌ಗಳು ಹಲವು ಬಾರಿ ಪಾಸಿಟಿವ್ ಬಂದಿದ್ದವು. ಪ್ರತಿ ಬಾರಿಯೂ ಆ ಜಾಗವನ್ನು ತೊಳೆದರು, ಆದರೆ ಎಲ್ಲ ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ಇದು ಮತ್ತೆ ಮತ್ತೆ ಏಕೆ ಬರುತ್ತಿದೆ ಎಂದು ನೋಡಲಿಲ್ಲ. ಅಲ್ಲಿ ಯಾರೂ ಬಚ್ಚಿಟ್ಟಿರಲಿಲ್ಲ, ಕೂಡಿ ನೋಡಿರಲಿಲ್ಲ ಅಷ್ಟೇ.

ಇದಕ್ಕೆ ತದ್ವಿರುದ್ಧವಾದದ್ದು ಅಮೆರಿಕದ ಪೀನಟ್ ಕಾರ್ಪೊರೇಷನ್ ಆಫ್ ಅಮೆರಿಕಾದ ಪ್ರಕರಣ. 2008-09ರಲ್ಲಿ ಅದರ ಶೇಂಗಾ ಉತ್ಪನ್ನಗಳಿಂದ ಹರಡಿದ ಸಾಲ್ಮೊನೆಲ್ಲಾ ಸೋಂಕು 700ಕ್ಕೂ ಹೆಚ್ಚು ಜನರಲ್ಲಿ ದೃಢಪಟ್ಟಿತು, ಒಂಬತ್ತು ಸಾವುಗಳ ಹಿಂದೆಯೂ ಅದೇ ಇದೆ ಎಂದು ಗುರುತಿಸಲಾಯಿತು. ಒಮ್ಮೆ ಪಾಸಿಟಿವ್ ಬಂದ ಸರಕನ್ನು ಮತ್ತೆ ಪರೀಕ್ಷಿಸಿ, ನೆಗೆಟಿವ್ ಬಂದ ವರದಿಯನ್ನು ಹಿಡಿದು ಕಳುಹಿಸಿದ್ದರು. ಸುಳ್ಳು ಪ್ರಮಾಣಪತ್ರಗಳೂ ಇದ್ದವು. ಖಾಸಗಿ ಆಡಿಟ್‌ನಲ್ಲಿ ಅವರಿಗೆ ಉತ್ತಮ ದರ್ಜೆಯೇ ಸಿಕ್ಕಿತ್ತು. 2015ರಲ್ಲಿ ಕಂಪನಿಯ ಮಾಲೀಕರಿಗೆ 28 ವರ್ಷ ಜೈಲು ಶಿಕ್ಷೆಯಾಯಿತು. ಗುಣಮಟ್ಟ ವಿಭಾಗದ ವ್ಯವಸ್ಥಾಪಕಿಗೂ ಐದು ವರ್ಷದ ಶಿಕ್ಷೆಯಾಯಿತು ಎಂಬುದನ್ನು ನಿಮ್ಮ ಮಾಲೀಕರ ಜೊತೆಗೆ ನೀವೂ ಒಮ್ಮೆ ಗಮನಿಸಬೇಕು.

ನಮ್ಮ ಲ್ಯಾಬ್‌ನಲ್ಲಿ ನಾವು ಮಾಡಿದ ಬದಲಾವಣೆ ಸಣ್ಣದು. ಸ್ವಾಬ್ ತಂಡದವರನ್ನು ಅವರಿಗೆ ಎಷ್ಟು ನೆಗೆಟಿವ್ ಬಂತು ಎಂಬುದರಿಂದ ಅಳೆಯುವುದನ್ನು ಬಿಟ್ಟೆವು. ಆಹಾರ ತಾಗದ ಜಾಗಗಳಲ್ಲಿ ಅವರೇ ಹುಡುಕಿ ತೆಗೆದ ಪಾಸಿಟಿವ್‌ಗಳನ್ನು ಕಾರ್ಖಾನೆಯ ನಕ್ಷೆಯ ಮೇಲೆ ಕೆಂಪು ಪಿನ್ನು ಚುಚ್ಚಿ ಗುರುತಿಸತೊಡಗಿದೆವು. ಮೊದಲ ಎರಡು ತಿಂಗಳು ನಕ್ಷೆ ಕೆಂಪಾಗಿತ್ತು. ಆಡಳಿತದವರು ಗಾಬರಿಯಾದರು, ಅವರನ್ನು ಸಮಾಧಾನ ಮಾಡುವುದೇ ಲಿಸ್ಟೀರಿಯಾ ಹಿಡಿಯುವುದಕ್ಕಿಂತ ಕಷ್ಟವಾಯಿತು.

ಉತ್ತರ 4 (ನಿವೃತ್ತ ಆಡಿಟರ್)

ಒಂದು ಎಚ್ಚರಿಕೆ ಹೇಳಲು ಮರೆತಿದ್ದೆ. ದಂಡ ಬೇಡ ಎಂದೊಡನೆ ಅನೇಕರು ಬಹುಮಾನದ ಕಡೆ ವಾಲುತ್ತಾರೆ. "ದೂರುಗಳಿಲ್ಲದ ದಿನಗಳು: 212" ಎಂಬ ಫಲಕ ಹಾಕಿ, 365 ತಲುಪಿದರೆ ಎಲ್ಲರಿಗೂ ಬೋನಸ್ ಎನ್ನುತ್ತಾರೆ. 360ನೇ ದಿನ ಯಾರಾದರೂ ಒಡೆದ ಗಾಜಿನ ಚೂರು ಕಂಡರೆ ಅದನ್ನು ಹೇಳುವವರು ಯಾರು? ಪಕ್ಕದವನೇ ಅವನ ಬಾಯಿ ಮುಚ್ಚಿಸುತ್ತಾನೆ.

ಪ್ರಶ್ನೆ ಕೇಳಿದವರಿಂದ, ಮೂರು ವಾರಗಳ ನಂತರ

ಎಲ್ಲರಿಗೂ ಧನ್ಯವಾದಗಳು. ಮೇಲ್ವಿಚಾರಕಿಯವರ ಮರುಪ್ರಶ್ನೆಗೆ ಉತ್ತರ ಹುಡುಕಲು ಅಂದೇ ರಾತ್ರಿ ಹೋದೆ. ನಮ್ಮ ಟೆಸ್ಟ್ ಪೀಸ್‌ಗಳು ನನ್ನದೇ ಕೋಣೆಯ ಡ್ರಾಯರ್‌ನಲ್ಲಿದ್ದವು, ಬೀಗದ ಕೈ ಹಗಲು ಪಾಳಿಯವರ ಬಳಿ ಇತ್ತು. ಅಂದರೆ ರಾತ್ರಿ ಪಾಳಿಯವರು ಬರೆದದ್ದು ಸುಳ್ಳಾದರೂ, ನಿಜ ಬರೆಯಲು ಅವರಿಗೆ ದಾರಿಯನ್ನೇ ನಾನು ಬಿಟ್ಟಿರಲಿಲ್ಲ. ಇದನ್ನು ಮಾಲೀಕರ ಮುಂದೆಯೂ, ಆ ಆಪರೇಟರ್ ಮುಂದೆಯೂ ಒಪ್ಪಿಕೊಂಡೆ. ದಂಡದ ಮಾತು ಅಲ್ಲಿಗೆ ನಿಂತಿತು. ಈಗ ಪೀಸ್‌ಗಳು ಯಂತ್ರದ ಪಕ್ಕದಲ್ಲೇ ಇವೆ.

ಕಾಯಿಲೆಯ ದಿನಗಳ ಕೂಲಿಯ ಬಗ್ಗೆ ಮಾಲೀಕರು ಇನ್ನೂ ಹೂಂ ಎಂದಿಲ್ಲ, ಮುಂದಿನ ತಿಂಗಳ ಸಭೆಗೆ ಅದನ್ನು ಮತ್ತೆ ತರುತ್ತೇನೆ. ಆದರೆ ಕಳೆದ ಗುರುವಾರ ರಾತ್ರಿ ಮೂರೂವರೆಗೆ ನನ್ನ ಫೋನ್ ರಿಂಗಾಯಿತು. ಸ್ಟೇನ್‌ಲೆಸ್ ಸ್ಟೀಲ್ ಪೀಸ್ ಅನ್ನು ಯಂತ್ರ ಹಿಡಿಯುತ್ತಿಲ್ಲ, ಲೈನ್ ನಿಲ್ಲಿಸಿದ್ದೇನೆ, ಒಂದು ಗಂಟೆಯ ಸರಕನ್ನು ಹೋಲ್ಡ್ ಮಾಡಿದ್ದೇನೆ ಎಂದು ಅದೇ ಆಪರೇಟರ್ ಹೇಳಿದರು. ನಿದ್ದೆಗಣ್ಣಿನಲ್ಲಿ "ಗಾಡಿ ಎಷ್ಟು ಗಂಟೆಗೆ?" ಎಂಬ ಪ್ರಶ್ನೆ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, ಎಷ್ಟು ಪೆಟ್ಟಿಗೆ ಎಂದು ಕೇಳಿದೆ.