ಸಹಾಯ ಬೇಕು: ಅಪ್ಪನ ಹಳೇ ಲ್ಯಾಪ್‌ಟಾಪ್‌ಗೆ ಹಗುರವಾದ ಲಿನಕ್ಸ್ ಮತ್ತು ನುಡಿ ಫೈಲುಗಳು

ಎಲ್ಲರಿಗೂ ನಮಸ್ಕಾರ. ನಮ್ಮದು ಮಂಡ್ಯ. ಅಪ್ಪ ನಿವೃತ್ತ ಕನ್ನಡ ಮೇಷ್ಟ್ರು. ಅವರ ಲ್ಯಾಪ್‌ಟಾಪ್ ಕೋರ್ 2 ಡ್ಯುಯೊ, 2 ಜಿಬಿ ರ‍್ಯಾಮ್. ಅದರಲ್ಲಿರುವ ವಿಂಡೋಸ್ 7ಕ್ಕೆ ಮಾಮೂಲಿ ಅಪ್‌ಡೇಟ್ 2020ರ ಜನವರಿಯಲ್ಲೇ ನಿಂತಿತು. ಹೊಸ ಬ್ರೌಸರ್ ಹಾಕಲು ಆಗುತ್ತಿಲ್ಲ.

ಪೆನ್ ಡ್ರೈವ್‌ನಿಂದ ಲುಬುಂಟು (ಉಬುಂಟುವಿನ ಹಗುರ ರೂಪ) ಹಾಕಿ ನೋಡಿದೆ. ಚುರುಕಾಗಿಯೇ ಇದೆ. ವೈಫೈ ಮಾತ್ರ ಕಾಣಲಿಲ್ಲ, ಬ್ರಾಡ್‌ಕಾಮ್ ಕಂಪನಿಯ ಕಾರ್ಡ್ ಅಲ್ವಾ, ಡ್ರೈವರ್ ಬೇರೆ ಹಾಕಬೇಕು. ಫೋನಿನಿಂದ ಯುಎಸ್‌ಬಿ ಟೆದರಿಂಗ್ ಮಾಡಿ (ಕೇಬಲ್ ಮೂಲಕ ಫೋನಿನ ಇಂಟರ್ನೆಟ್ ಕೊಟ್ಟು) ಅದನ್ನು ಇಳಿಸಿಕೊಳ್ಳುತ್ತೇನೆ. 2 ಜಿಬಿಗೆ ಲುಬುಂಟು ಸಾಕಾ, ಇಲ್ಲ ಡೆಬಿಯನ್ ಎಂಬ ಇನ್ನೊಂದು ಲಿನಕ್ಸ್ ಹಾಕಿ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಬಳಸುವುದು ಉತ್ತಮವಾ?

ನಿಜವಾದ ಚಿಂತೆ ಕನ್ನಡದ್ದು. ಅಪ್ಪ ಕೆಜಿಪಿ (ಕನ್ನಡ ಗಣಕ ಪರಿಷತ್ತಿನ) ಕೀಲಿಮಣೆ ವಿನ್ಯಾಸ ಬಿಟ್ಟು ಬೇರೆ ಮುಟ್ಟುವುದಿಲ್ಲ. ಎಫ್ ಒತ್ತಿ ಒತ್ತಕ್ಷರ ಕೊಡುವುದು ಬೆರಳಿಗೇ ಅಂಟಿಹೋಗಿದೆ. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಅದೇ ವಿನ್ಯಾಸ ಕಗಪ ಎಂಬ ಹೆಸರಲ್ಲಿ ಇದೆ. ದಿನವೂ ಬಳಸುವವರು ಹೇಳಿ, ಅರ್ಕಾವತ್ತು ಸರಿಯಾಗಿ ಬರುತ್ತದಾ?

ಇನ್ನೊಂದು, ಅವರ ಹಳೇ ಬರಹಗಳೆಲ್ಲ ಯುನಿಕೋಡ್‌ಗೆ (ಈಗ ಎಲ್ಲೆಡೆ ಬಳಸುವ ಅಕ್ಷರ ಸಂಕೇತ) ಮುಂಚಿನ, ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಫಾಂಟಿನಲ್ಲಿವೆ. ಲಿಬ್ರೆ ಆಫೀಸ್‌ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ನುಡಿ ಫಾಂಟ್ ಹಾಕಿದರೆ ಓದಬಹುದು, ಆದರೆ ಕನ್ನಡ ಪದ ಹುಡುಕಲು, ವಾಟ್ಸಾಪ್‌ಗೆ ಅಂಟಿಸಲು ಆಗುವುದಿಲ್ಲ. ಇಡೀ ಫೋಲ್ಡರ್ ಒಟ್ಟಿಗೆ ಯುನಿಕೋಡ್‌ಗೆ ಬದಲಾಯಿಸುವ ದಾರಿ ಇದ್ದರೆ ದಯವಿಟ್ಟು ತಿಳಿಸಿ. ಆ ಬರಹಗಳು ನಮ್ಮ ಕಡೆಯ ಸೋಬಾನೆ ಪದಗಳನ್ನು ಅಜ್ಜಿಯರ ಬಾಯಿಂದ ಕೇಳಿ ಅಪ್ಪನೇ ಕೂತು ಟೈಪ್ ಮಾಡಿದ್ದು. ಹಾಡಿದವರಲ್ಲಿ ಜಾಸ್ತಿ ಜನ ಈಗಿಲ್ಲ. ಒಂದಕ್ಷರವೂ ಕೆಡಬಾರದು. ಬ್ಯಾಕಪ್ ತೆಗೆದಿಟ್ಟಿದ್ದೇನೆ.

ಹಾಗೇ, ಮಂಡ್ಯ ಅಥವಾ ಮೈಸೂರಿನಲ್ಲಿ ಲ್ಯಾಪ್‌ಟಾಪಿನ ಹಳೇ ಡಿಡಿಆರ್2 ರ‍್ಯಾಮ್ ಎಲ್ಲಿ ಸಿಗುತ್ತದೆ? ಎಸ್‌ಎಸ್‌ಡಿಯನ್ನೂ ಅಲ್ಲೇ ಹಾಕಿಸುತ್ತೇನೆ.