ಮಡಚುವ ಬೌನ್ಸರ್ ಸೀಟು: ರಾಡ್ ಬಾಗಿ ಹಾಗೇ ಉಳಿಯುತ್ತದೆ, ಲಾಕ್ ತಾನಾಗೇ ಬಿಡುತ್ತದೆ

ಕಾಪು_ವೆಲ್ಡರ್:

ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆದೀತು.

ಮಗಳಿಗೆ ಮೂರೂವರೆ ತಿಂಗಳು, ತೂಕ ಆರೂವರೆ ಕಿಲೋ. ಅವಳಿಗೆ ಒಂದು ಬೌನ್ಸರ್ ಸೀಟು ಮಾಡುತ್ತಿದ್ದೇನೆ. ಕಾಲು ಒದ್ದರೆ ಮೆಲ್ಲಗೆ ಕುಣಿಯಬೇಕು, ಮುಂದೆ ಎರಡು ಮೂರು ಆಟಿಕೆ ನೇತಾಡಬೇಕು, ಮಡಚಿದರೆ ಚಪ್ಪಟೆ ಆಗಬೇಕು. ಮಡಚಲೇಬೇಕು, ಯಾಕೆಂದರೆ ವಾರಕ್ಕೊಮ್ಮೆ ಸುರತ್ಕಲ್‌ಗೆ ಹೆಂಡತಿಯ ತವರಿಗೆ ಹೋಗುತ್ತೇವೆ, ಬಸ್ಸಲ್ಲಿ. ಅಂಗಡಿಯಿಂದ ತರಬಹುದಿತ್ತು. ಆದರೆ ಊರಿಗೆಲ್ಲ ಗೇಟು, ಗ್ರಿಲ್ ಮಾಡಿಕೊಡುವವನು ಮಗಳ ಸೀಟು ಅಂಗಡಿಯಿಂದ ತಂದರೆ ಮನೆಯಲ್ಲಿ ಮರ್ಯಾದೆ ಉಂಟಾ?

ನೆಲದ ಮೇಲೆ ಮುಕ್ಕಾಲು ಇಂಚು ಪೈಪಿನ ಯು ಆಕಾರದ ಬುಡ. ಮಗುವಿನ ಕಾಲಿನ ಕಡೆಯಿಂದ ಎರಡು ರಾಡ್ ಓರೆಯಾಗಿ ಹಿಂದಕ್ಕೆ ಏರುತ್ತವೆ, ಅವುಗಳ ತುದಿಯಲ್ಲಿ ಬಟ್ಟೆಯ ಸೀಟು. ರಾಡ್ 40 ಸೆಂ.ಮೀ. ಉದ್ದ, 8 ಮಿ.ಮೀ. ದಪ್ಪ, ಮಾಮೂಲಿ ಎಂ.ಎಸ್. (ಗ್ರಿಲ್ಲಿಗೆ ಹಾಕುವ ಮೆದು ಉಕ್ಕು). ಬೇರೆ ಸ್ಪ್ರಿಂಗ್ ಇಲ್ಲ, ರಾಡೇ ಸ್ಪ್ರಿಂಗ್. ರಾಡ್ ಪೈಪಿಗೆ ಸೇರುವಲ್ಲಿ ಕೀಲು, ಪಕ್ಕದಲ್ಲೇ ಒತ್ತುವ ಗುಂಡಿಯ ಲಾಕ್. ಗುಂಡಿ ಒತ್ತಿದರೆ ರಾಡ್ ಕೆಳಗೆ ಮಲಗುತ್ತದೆ.

ಮಗುವನ್ನು ಇನ್ನೂ ಕೂರಿಸಿಲ್ಲ. ಎಂಟು ದಿನದಿಂದ ಆರೂವರೆ ಕಿಲೋ ಕುಚ್ಚಲಕ್ಕಿ ಚೀಲವೇ ನಮ್ಮ ಮಗು. ಮೊದಲ ದಿನ ಚೆನ್ನಾಗಿ ಕುಣಿಯಿತು. ಮೂರನೇ ದಿನ ನೋಡಿದರೆ ಖಾಲಿ ಸೀಟೇ 3 ಸೆಂ.ಮೀ. ಕೆಳಗೆ ಇಳಿದಿತ್ತು. 10 ಮಿ.ಮೀ. ರಾಡ್ ಹಾಕಿದೆ. ಈಗ ಇಳಿಯುವುದು ಕಮ್ಮಿ, ಆದರೆ ಕುಣಿಯುವುದೂ ಇಲ್ಲ, ಕಲ್ಲಿನ ಹಾಗೆ ಕೂತಿದೆ. ಎರಡನೇ ತೊಂದರೆ, ಜೋರಾಗಿ ಕುಣಿಸಿದರೆ ಲಾಕ್ ಟಕ್ ಅಂತ ಬಿಡುತ್ತದೆ. ನಿನ್ನೆ ಅಕ್ಕಿ ಚೀಲ ನೆಲಕ್ಕೆ ಬಿತ್ತು. ಅದು ಮಗಳಾಗಿದ್ದರೆ ಅಂತ ನೆನೆಸಿ ರಾತ್ರಿ ನಿದ್ದೆ ಬರಲಿಲ್ಲ. ಬಿಚ್ಚಿ ನೋಡಿದರೆ ಗುಂಡಿಯ ತೂತು ಮೊಟ್ಟೆ ಆಕಾರ ಆಗಿದೆ.

ಎಂತ ಮಾಡುವುದು?

ಪಡುಬಿದ್ರಿ_ಮೆಕ್ಯಾನಿಕ್:

8 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ರಾಡ್ ಹಾಕಿ, 304 ಅಂತ ಸಿಗುವುದು. ಗಟ್ಟಿಯೂ ಆಯಿತು, ಈ ಉಪ್ಪು ಗಾಳಿಗೆ ಸುಲಭಕ್ಕೆ ತುಕ್ಕೂ ಹಿಡಿಯುವುದಿಲ್ಲ. ಲಾಕಿಗೆ ದಪ್ಪ ಗುಂಡಿ.

ಬೈಕಂಪಾಡಿ_ಸ್ಪ್ರಿಂಗ್:

ಮೇಲಿನವರು ಬೇಜಾರು ಮಾಡ್ಕೋಬೇಡಿ, ಆದರೆ 304 ಹಾಕಿದರೆ ಇನ್ನೂ ಬೇಗ ಬಾಗುತ್ತದೆ. ಅಂಗಡಿಯಲ್ಲಿ ಸಿಗುವ ಮೆದು ಮಾಡಿದ 304 ರಾಡ್ ಸುಮಾರು 205 ಮೆಗಾಪಾಸ್ಕಲ್ (ಒತ್ತಡದ ಅಳತೆ) ಬಿದ್ದರೆ ಬಾಗಿ ಹಾಗೇ ಉಳಿಯುತ್ತದೆ. ಎಂ.ಎಸ್. ಆದರೆ 250ರ ಹತ್ತಿರ.

ಈಗ ನಿಮ್ಮ ಲೆಕ್ಕ ನೋಡುವ. ಚೀಲ ಆರೂವರೆ, ಸೀಟು ಒಂದೂವರೆ ಅಂತ ಇಟ್ಟುಕೊಂಡರೆ ಒಟ್ಟು 8 ಕಿಲೋ. ರಾಡಿಗೆ 4 ಕಿಲೋ, ಅಂದರೆ 40 ನ್ಯೂಟನ್. 40 ಸೆಂ.ಮೀ. ದೂರದಲ್ಲಿ ಆ ಭಾರ ಬಿದ್ದರೆ 8 ಮಿ.ಮೀ. ರಾಡಿನ ಬುಡದಲ್ಲಿ ಒತ್ತಡ ಸುಮಾರು 320 ಮೆಗಾಪಾಸ್ಕಲ್. ಅಕ್ಕಿ ಸುಮ್ನೆ ಕೂತಿರುವಾಗಲೇ 250 ದಾಟಿತು. ಕುಣಿದರೆ ಎರಡು ಪಟ್ಟು. ಬಾಗದೆ ಇನ್ನೇನು ಮಾಡೀತು ಪಾಪ.

ರಾಡನ್ನು ದಪ್ಪ ಮಾಡಿದ್ದು ಎಲ್ಲರೂ ಮಾಡುವ ತಪ್ಪೇ. ಬಿಗುಪು ದಪ್ಪದ ನಾಲ್ಕನೇ ಘಾತದ ಮೇಲೆ ಹೋಗುತ್ತದೆ. 8ರಿಂದ 10ಕ್ಕೆ ಹೋದರೆ ದಪ್ಪ ಕಾಲು ಭಾಗ ಜಾಸ್ತಿ, ಬಿಗುಪು ಮಾತ್ರ ಸುಮಾರು ಎರಡೂವರೆ ಪಟ್ಟು. ಅದಕ್ಕೇ ಕಲ್ಲು.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. ಎಂ.ಎಸ್. ಆಗಲಿ, ಸ್ಪ್ರಿಂಗ್ ಸ್ಟೀಲ್ ಆಗಲಿ, ಅದೇ ಅಳತೆಯ ರಾಡ್ ಅದೇ ಭಾರಕ್ಕೆ ಹೆಚ್ಚುಕಮ್ಮಿ ಅಷ್ಟೇ ಬಗ್ಗುತ್ತದೆ. ಸ್ಪ್ರಿಂಗ್ ಸ್ಟೀಲ್ ಜಾಸ್ತಿ ಬಿಗಿ ಅಂತ ಏನಿಲ್ಲ. ಅದು ತುಂಬ ಬಗ್ಗಿದರೂ ವಾಪಸ್ ಬರುತ್ತದೆ, ಅಷ್ಟೇ ವ್ಯತ್ಯಾಸ. ಹದ ಕೊಟ್ಟ (ಕಾಯಿಸಿ ತಣಿಸಿ ಗಟ್ಟಿ ಮಾಡಿದ) ಸ್ಪ್ರಿಂಗ್ ಸ್ಟೀಲ್ 1000 ಮೆಗಾಪಾಸ್ಕಲ್ ದಾಟಿದರೂ ಬಾಗಿ ಉಳಿಯುವುದಿಲ್ಲ. ಹಾಗಾಗಿ ನಿಮ್ಮ ಮೊದಲ ದಿನದ 8 ಮಿ.ಮೀ. ಅಳತೆ ತಪ್ಪಲ್ಲ, ಲೋಹ ತಪ್ಪು.

ಕುಣಿತಕ್ಕೆ ಒಂದು ಸುಲಭ ಲೆಕ್ಕ ಉಂಟು. ಭಾರ ಇಟ್ಟಾಗ ಸೀಟು ಎಷ್ಟು ಸೆಂ.ಮೀ. ಇಳಿಯುತ್ತದೋ ಅದರ ವರ್ಗಮೂಲದಿಂದ 5ನ್ನು ಭಾಗಿಸಿ. ಸೆಕೆಂಡಿಗೆ ಎಷ್ಟು ಸಲ ಕುಣಿಯುತ್ತದೆ ಅಂತ ಬರುತ್ತದೆ. ನಿಮ್ಮ 8 ಮಿ.ಮೀ. ರಾಡ್ 2 ಸೆಂ.ಮೀ. ಇಳಿದಿರಬೇಕು, ಅಂದರೆ ಸೆಕೆಂಡಿಗೆ ಮೂರೂವರೆ. 10ರದ್ದು 1 ಸೆಂ.ಮೀ.ಗೂ ಕಮ್ಮಿ, ಸೆಕೆಂಡಿಗೆ ಐದರ ಮೇಲೆ. ಅದು ಕುಣಿತ ಅಲ್ಲ, ನಡುಕ. ಮಗುವಿಗೆ ಸೆಕೆಂಡಿಗೆ ಎರಡು, ಎರಡೂವರೆ ಸಾಕು. 8 ಮಿ.ಮೀ. ಸ್ಪ್ರಿಂಗ್ ಸ್ಟೀಲ್ ತೆಗೆದುಕೊಳ್ಳಿ, ಬಿಡುವಿನ ಉದ್ದ, ಅಂದರೆ ಹಿಡಿತದಿಂದ ಆಚೆ ಬಗ್ಗುವ ಭಾಗ, 50 ಸೆಂ.ಮೀ. ಮಾಡಿ. 4 ಸೆಂ.ಮೀ. ಇಳಿಯುತ್ತದೆ, ಒತ್ತಡ 400. ಎರಡು ಪಟ್ಟಾದರೂ 800, ಧೈರ್ಯವಾಗಿರಿ.

ಆದರೆ ವೆಲ್ಡರ್ ಅಲ್ವಾ ನೀವು, ಕೈ ತುರಿಸುತ್ತದೆ ಅಂತ ಗೊತ್ತು. ಆ ರಾಡಿಗೆ ವೆಲ್ಡಿಂಗ್ ತಾಗಿಸಬೇಡಿ. ಬಿಸಿಯಾದರೆ ಹದ ಹೋಯಿತು, ಒಂದು ದಿನ ವೆಲ್ಡಿನ ಬದಿಯಲ್ಲೇ ತುಂಡಾಗುತ್ತದೆ. ಗ್ಯಾಸಲ್ಲಿ ಕಾಯಿಸಿ ಬಗ್ಗಿಸುವುದೂ ಬೇಡ. ತಣ್ಣಗೇ ಬಗ್ಗಿಸಿ, ತಿರುವು ದಪ್ಪದ ನಾಲ್ಕೈದು ಪಟ್ಟು ಅಗಲ ಇರಲಿ. ತೂತೂ ಕೊರೆಯಬೇಡಿ. ಎರಡು ಪಟ್ಟಿ ನಡುವೆ ಕ್ಲಾಂಪ್ ಮಾಡಿ ಹಿಡಿಸಿ.

ಕಾಪು_ವೆಲ್ಡರ್:

ಅಣ್ಣ, ಈಗ ಅರ್ಥ ಆಯಿತು. ಹೇಳಲು ನಾಚಿಕೆ, ನಡುವೆ ಒಂದು ಸಲ ಗುಜರಿಯಲ್ಲಿ ಸಿಕ್ಕ ಸ್ಪ್ರಿಂಗ್ ರಾಡ್ ತಂದು ಹಿಡಿಸಲು ಕಿವಿಯಂಥ ಪಟ್ಟಿ ವೆಲ್ಡ್ ಮಾಡಿ ನೋಡಿದ್ದೆ. ಎರಡೇ ದಿನದಲ್ಲಿ ವೆಲ್ಡಿನ ಪಕ್ಕದಲ್ಲೇ ಪಟ್ ಅಂದಿತು. ರಾಡೇ ಹಾಳು ಅಂದುಕೊಂಡು ಎಸೆದೆ.

ಲಾಕಿನ ವಿಷಯ?

ಚಾವಡಿ_ಬಡಗಿ:

ಲಾಕಿನದ್ದು ನಾನು ಹೇಳುತ್ತೇನೆ. ನಾನು ಮರದವನು, ಆದರೆ ಕೀಲು ಕೀಲೇ.

ರಾಡಿನ ತುದಿಯಲ್ಲಿ 4 ಕಿಲೋ, ಕೀಲಿನಿಂದ 40 ಸೆಂ.ಮೀ. ದೂರ. ಗುಂಡಿ ಕೀಲಿನ ಪಕ್ಕದಲ್ಲೇ ಅಂದಿರಿ, 2 ಸೆಂ.ಮೀ. ದೂರ ಅಂತ ಇಟ್ಟುಕೊಳ್ಳುವ. ಇಪ್ಪತ್ತು ಪಟ್ಟು. ಗುಂಡಿಯ ಮೇಲೆ ಬೀಳುವುದು 80 ಕಿಲೋ, ಕುಣಿದರೆ 160. ಒಂದು ಕಡ್ಲೆ ಗಾತ್ರದ ಗುಂಡಿ ಮಾರಾಯ್ರೆ! ತೂತು ಮೊಟ್ಟೆ ಆಗದೆ ಇರುತ್ತದಾ? ಜೊತೆಗೆ ಭಾರ ಬೀಳುವುದೂ ರಾಡ್ ಮಡಚುವುದೂ ಒಂದೇ ದಿಕ್ಕಿಗೆ. ನಡುವೆ ಇರುವುದು ಆ ಗುಂಡಿ ಒಂದೇ. ಅದನ್ನು ದಪ್ಪ ಮಾಡಿದರೆ ಎರಡು ದಿನ ಜಾಸ್ತಿ ಬಾಳೀತು.

ಹಳೇ ಮನೆಗಳ ಚಾವಡಿಯಲ್ಲಿ ಅಜ್ಜಂದಿರ ಕ್ಯಾನ್ವಾಸ್ ಈಸಿ ಚೇರ್ ನೋಡಿದ್ದೀರಲ್ಲ? ಹಿಂದಿನ ಅಡ್ಡಕೋಲು ಕಚ್ಚಿನಲ್ಲಿ ಕೂರುತ್ತದೆ. ಅಜ್ಜ ಕೂತಷ್ಟೂ ಕೋಲು ಕಚ್ಚಿಗೆ ಇನ್ನೂ ಒತ್ತಿಕೊಳ್ಳುತ್ತದೆ. ಅದಕ್ಕೆ ಲಾಕೇ ಬೇಡ, ಭಾರವೇ ಲಾಕು. ಅದನ್ನೇ ಮಾಡಿ. ಕೀಲಿನಿಂದ 10 ಸೆಂ.ಮೀ. ಹಿಂದೆ ರಾಡಿನ ಕೆಳಗೆ ಒಂದು ಊರೆ (ಆಧಾರದ ಕೋಲು) ಕೊಡಿ. ಅದರ ಕಾಲು ಬುಡದ ಪೈಪಿನ ಮೇಲಿನ ಕಚ್ಚಿನಲ್ಲಿ ಕೂರಲಿ. ಒಟ್ಟು ರಾಡ್ 60 ಸೆಂ.ಮೀ. ಆದರೆ ಊರೆಯಿಂದ ಮುಂದೆ ಸೀಟಿನ ತನಕ 50 ಉಳಿಯಿತು, ಸ್ಪ್ರಿಂಗಿನವರ ಲೆಕ್ಕವೂ ಸರಿ. ಊರೆಯ ಮೇಲೆ 24 ಕಿಲೋ, ಅದೂ ನೇರ ಕೆಳಕ್ಕೆ. ಮಡಚುವಾಗ ಸೀಟನ್ನು ಸ್ವಲ್ಪ ಎತ್ತಿ ಊರೆ ಸರಿಸುವುದು.

ಒಂದೇ ಒಂದು ಅಪಾಯ. ಅಜ್ಜ ಕುಣಿಯುವುದಿಲ್ಲ, ಮಗು ಕುಣಿಯುತ್ತದೆ. ಭಾರ ಮೇಲೆದ್ದಾಗ ಊರೆ ಕಚ್ಚಿನಿಂದ ಹಾರಬಾರದು.

ಬೈಕಂಪಾಡಿ_ಸ್ಪ್ರಿಂಗ್:

ಬಡಗಿಯವರು ಹೇಳಿದ್ದು ಸರಿಯಾದ ಜಾಗಕ್ಕೇ ಬಂತು. ಭಾರಕ್ಕೆ ಸೀಟು 4 ಸೆಂ.ಮೀ. ಇಳಿದಿದ್ದರೆ, ಅದಕ್ಕಿಂತ 4 ಮೇಲೆ 4 ಕೆಳಗೆ ಕುಣಿದಾಗ ಮೇಲಿನ ತುದಿಯಲ್ಲಿ ರಾಡಿನ ಮೇಲೆ ಭಾರ ಸೊನ್ನೆ, ಕೆಳಗಿನ ತುದಿಯಲ್ಲಿ ಎರಡು ಪಟ್ಟು. ಆ ಸೊನ್ನೆಯ ಕ್ಷಣದಲ್ಲಿ ಕಚ್ಚು ಖಾಲಿ. ಅಲ್ಲಿಗೆ ನಿಮ್ಮ ಹಳೇ ಗುಂಡಿ ಹಾಕಿ. ಊರೆ ಜಾರದ ಹಾಗೆ ಹಿಡಿದರೆ ಸಾಕು, ಭಾರ ಹೊರಬೇಕಾಗಿಲ್ಲ. ಎರಡೂ ಬದಿಗೆ ಒಂದೊಂದು ಇರಲಿ. ಎರಡನ್ನೂ ಒತ್ತಿ, ಆಮೇಲೆ ಸೀಟು ಎತ್ತಿದರೆ ಮಾತ್ರ ಮಡಚಬೇಕು.

ಮತ್ತೆ, ಖಾಲಿ ಸೀಟಿನ ಕೆಳಗೆ 10 ಸೆಂ.ಮೀ.ಗಿಂತ ಜಾಸ್ತಿ ಜಾಗ ಬಿಡಿ. ಇಲ್ಲದಿದ್ದರೆ ಸೀಟು ನೆಲಕ್ಕೆ ಕುಟ್ಟುತ್ತದೆ.

ಮಣಿಪಾಲ_ಅಕ್ಕ:

ನಾನು ಮಕ್ಕಳ ಫಿಸಿಯೋಥೆರಪಿಯಲ್ಲಿ ಕೆಲಸ ಮಾಡುವವಳು. ಕಬ್ಬಿಣದ ಲೆಕ್ಕ ನೀವೇ ನೋಡಿಕೊಳ್ಳಿ, ನಾನು ಮಗುವಿನ ಕಡೆಯದ್ದು ಹೇಳುತ್ತೇನೆ. ಇದರಲ್ಲಿ ರಾಜಿ ಬೇಡ.

ಮಗು ಅದರಲ್ಲಿ ನಿದ್ದೆ ಹೋದರೆ ಎತ್ತಿ ಸಮತಟ್ಟು ಹಾಸಿಗೆಯಲ್ಲಿ ಮಲಗಿಸಿ. ಓರೆಯಾಗಿ ಮಲಗಿದ ಸಣ್ಣ ಮಗುವಿನ ಗಲ್ಲ ಎದೆಗೆ ಬಾಗಿದರೆ ಉಸಿರಿನ ದಾರಿ ಮುಚ್ಚುತ್ತದೆ, ಅಳಲೂ ಆಗುವುದಿಲ್ಲ, ಹೊರಗೆ ಸದ್ದೇ ಇರುವುದಿಲ್ಲ. ಇದೇ ಕಾರಣಕ್ಕೆ ಅಮೆರಿಕದಲ್ಲಿ 2022ರ ಕಾನೂನು 10 ಡಿಗ್ರಿಗಿಂತ ಜಾಸ್ತಿ ಓರೆ ಇರುವ, ಮಕ್ಕಳನ್ನು ಮಲಗಿಸುವ ಸಾಧನಗಳನ್ನು ನಿಷೇಧಿಸಿತು. ಬೌನ್ಸರ್ ಎಚ್ಚರ ಇರುವ ಮಗುವಿಗೆ, ಕಣ್ಣೆದುರಿಗೆ, ಒಮ್ಮೆಗೆ ಹದಿನೈದು ಇಪ್ಪತ್ತು ನಿಮಿಷ.

ನೆಲದ ಮೇಲೆ ಮಾತ್ರ ಇಡಿ. ಅಡುಗೆಮನೆ ಕಟ್ಟೆ, ಮೇಜು, ಮಂಚ ಯಾವುದೂ ಬೇಡ, ಕುಣಿಯುತ್ತಾ ಅಂಚಿಗೆ ಬರುತ್ತದೆ. ಕಾಲಿನ ನಡುವಿನ ಪಟ್ಟಿ ಮತ್ತು ಸೊಂಟದ ಪಟ್ಟಿ ಎರಡೂ ಬೇಕು. ಸೊಂಟದ್ದು ಒಂದೇ ಇದ್ದರೆ ಕೆಳಗೆ ಜಾರುತ್ತದೆ. ಮಗು ತಾನಾಗಿ ಎದ್ದು ಕೂರಲು ಶುರು ಮಾಡಿದ ದಿನ ಇದರ ಕೆಲಸ ಮುಗಿಯಿತು. ನಿಮಗೆ ಇನ್ನು ಎರಡು ಮೂರು ತಿಂಗಳು ಅಷ್ಟೇ ಸಿಗುವುದು, ಹೇಳಿಲ್ಲ ಅನ್ನಬೇಡಿ.

ಕೀಲಿನ ಸಂದಿಗೆ ಆಟಿಕೆಗಳ ನಿಯಮ ನೆನಪಿಡಿ: ಅಲ್ಲಾಡುವ ಭಾಗಗಳ ನಡುವೆ 5 ಮಿ.ಮೀ. ಕಡ್ಡಿ ಹೋಗಲೇಬಾರದು, ಹೋಗುವುದಾದರೆ 12 ಮಿ.ಮೀ. ಕಡ್ಡಿಯೂ ಸಲೀಸಾಗಿ ಹೋಗಬೇಕು. ನಡುವಿನ ಅಳತೆಯೇ ಬೆರಳು ಕಚ್ಚುವುದು. ನೇತು ಹಾಕುವ ಆಟಿಕೆಯ ಯಾವ ತುಂಡೂ ಸುಮಾರು 32 ಮಿ.ಮೀ. ಅಗಲದ ಕೊಳವೆಯೊಳಗೆ ಹಿಡಿಸಬಾರದು. ಸುರಕ್ಷತೆಯ ಮಾನದಂಡ ಅಂತ ಆಟಿಕೆಗೆ ನಮ್ಮಲ್ಲಿ ಐಎಸ್ 9873 ಉಂಟು, ಬೌನ್ಸರಿಗೆ ಯುರೋಪಿನ ಇಎನ್ 12790 ಮತ್ತು ಅಮೆರಿಕದ ಎಎಸ್‌ಟಿಎಂ ಎಫ್2167. ಪಕ್ಕದ ಮನೆಯವರಿಗೂ ಮಾಡಿಕೊಡುವ ಯೋಚನೆ ಬಂದರೆ ಮೊದಲು ಅವನ್ನು ಓದಿ.

ಮಲ್ಪೆ_ಟೈಲರ್:

ಬಟ್ಟೆಗೆ ಹತ್ತಿ ಬೇಡ, ಮಳೆಗಾಲದಲ್ಲಿ ಮೂರು ದಿನಕ್ಕೂ ಒಣಗುವುದಿಲ್ಲ, ಮುಗ್ಗಲು ವಾಸನೆ. ನಡುವೆ ಪಾಲಿಸ್ಟರ್ ಜಾಲರಿ, ಅಂಚಿಗೆ ಬ್ಯಾಗಿನ ಪಟ್ಟಿ, ಪಾಲಿಸ್ಟರ್ ದಾರದಲ್ಲಿ ಡಬಲ್ ಹೊಲಿಗೆ. ದೋಣಿಯ ಟಾರ್ಪಾಲು ಹೊಲಿಯುವವರ ಹತ್ತಿರ ಹೋಗಿ, ಮಾಮೂಲಿ ಮಿಷನ್ನಿಗೆ ಪಟ್ಟಿ ದಪ್ಪ ಆಗುತ್ತದೆ. ರಾಡಿಗೆ ಪ್ಲಾಸ್ಟಿಕ್ ಹೋಸ್ ತೊಡಿಸುವ ಯೋಚನೆ ಇದ್ದರೆ ಬಿಡಿ. ಒಳಗೆ ನೀರು ನಿಂತು ಕಾಣದ ಹಾಗೆ ತುಕ್ಕು ತಿನ್ನುತ್ತದೆ. ಪೈಂಟ್ ಬಳಿಯಿರಿ, ಕಣ್ಣಿಗೆ ಕಾಣಲಿ.

ಕಾಪು_ವೆಲ್ಡರ್:

ಮೂರು ವಾರದ ಮೇಲೆ ಬರುತ್ತಿದ್ದೇನೆ. ಸ್ಪ್ರಿಂಗ್ ಸ್ಟೀಲ್ ಹುಡುಕುವುದಕ್ಕೇ ಒಂದು ವಾರ ಹೋಯಿತು.

8 ಮಿ.ಮೀ., 60 ಸೆಂ.ಮೀ., ಈಸಿ ಚೇರ್ ಕಚ್ಚು, ಕ್ಲಾಂಪ್. ವೆಲ್ಡಿಂಗ್ ಬುಡದ ಪೈಪಿಗೆ ಮಾತ್ರ. ಅಕ್ಕಿ ಚೀಲ ಇಟ್ಟಾಗ 4 ಸೆಂ.ಮೀ. ಇಳಿಯಬೇಕಿತ್ತು, 5 ಇಳಿಯಿತು. ಹತ್ತು ಸೆಕೆಂಡಿಗೆ 22 ಸಲ ಕುಣಿಯುತ್ತದೆ. ಲೆಕ್ಕ ಎಲ್ಲಿ ತಪ್ಪಿತು ಅಣ್ಣ? ದಿನಾ ಐನೂರು ಸಲ ಕೈಯಲ್ಲಿ ಒತ್ತಿದೆ, ಹತ್ತು ದಿನ. ಖಾಲಿ ಸೀಟಿನ ಎತ್ತರ ಒಂದು ಮಿ.ಮೀ. ಕೂಡ ಬದಲಾಗಿಲ್ಲ. ಕಚ್ಚು ಬಿಟ್ಟಿಲ್ಲ.

ಮೊನ್ನೆ ಮಗಳನ್ನು ಕೂರಿಸಿದೆವು. ಮೊದಲ ಐದು ನಿಮಿಷ ಹುಬ್ಬು ಗಂಟು ಹಾಕಿ ನನ್ನನ್ನೇ ನೋಡಿದಳು. ಆಮೇಲೆ ಆಕಸ್ಮಿಕವಾಗಿ ಒಂದು ಸಲ ಒದ್ದಳು, ಸೀಟು ಕುಣಿಯಿತು, ಅದು ತನ್ನದೇ ಕೆಲಸ ಅಂತ ಗೊತ್ತಾಯಿತು ನೋಡಿ, ಮತ್ತೆ ನಿಲ್ಲಿಸಲೇ ಇಲ್ಲ.

ತೊಂದರೆ ಎರಡು ಉಳಿದಿವೆ. ಮಡಚಿದರೆ 68 ಸೆಂ.ಮೀ., ಬಸ್ಸಿನ ಮೇಲಿನ ರ್ಯಾಕಿಗೆ ಹಿಡಿಸುವುದಿಲ್ಲ. ಕಂಡಕ್ಟರ್ ಗುರುತಿನವರಾದ್ದರಿಂದ ಇಂಜಿನ್ ಪಕ್ಕದಲ್ಲಿ ಇಡಲು ಬಿಟ್ಟರು. ಇನ್ನೊಂದು, ನಮ್ಮದು ಕೆಂಪು ಕಾವಿ ನೆಲ, ನುಣುಪು. ಅವಳು ಕುಣಿದಷ್ಟೂ ಸೀಟು ಮೆಲ್ಲ ಮೆಲ್ಲ ಹಿಂದಕ್ಕೆ ಸರಿಯುತ್ತದೆ. ಸೈಕಲ್ ಟ್ಯೂಬ್ ಸುತ್ತಿದೆ. ಸರಿಯುವುದು ನಿಂತಿತು, ಆದರೆ ನೆಲದ ಮೇಲೆಲ್ಲ ಕಪ್ಪು ಗೆರೆ. ಅಮ್ಮ ಜೋಲಿ ಕಟ್ಟಿದ್ದರೆ ಇದೆಲ್ಲ ಬೇಕಿತ್ತಾ ಅಂತ ಕೇಳುತ್ತಿದ್ದಾರೆ.

ಬೈಕಂಪಾಡಿ_ಸ್ಪ್ರಿಂಗ್:

ಲೆಕ್ಕ ತಪ್ಪಿದ್ದು ನನ್ನದು. ಊರೆಯಿಂದ ಮುಂದಿನ 50 ಮಾತ್ರ ಹಿಡಿದೆ. ಊರೆಗೂ ಕೀಲಿಗೂ ನಡುವಿನ 10 ಸೆಂ.ಮೀ. ತುಂಡೂ ಬಗ್ಗುತ್ತದೆ, ಆ ಒಂದು ಸೆಂ.ಮೀ. ಅಲ್ಲಿಂದ ಬಂತು. ಸೆಕೆಂಡಿಗೆ 2.2, ಚೆನ್ನಾಗಿಯೇ ಆಯಿತು. ಕೆಳಗಿನ ಜಾಗ ಮಾತ್ರ ಇನ್ನೊಮ್ಮೆ ಅಳೆಯಿರಿ, 10ರ ಬದಲು 12 ಬೇಕು.

ಚಾವಡಿ_ಬಡಗಿ:

ಊರುಗೋಲಿನ ಬುಡಕ್ಕೆ ಹಾಕುವ ರಬ್ಬರ್ ಬೂಟು ಮೆಡಿಕಲ್‌ನಲ್ಲಿ ಸಿಗುತ್ತದೆ, ಪೈಪಿನ ಹಿಂದಿನ ಎರಡು ತುದಿಗೆ ತೊಡಿಸಿ. ಕಪ್ಪು ತರಬೇಡಿ, ಬೂದು ಕೇಳಿ.

ಕಾಪು_ವೆಲ್ಡರ್:

ಜಾಗ 13 ಉಂಟು ಅಣ್ಣ. ಬೂಟು ಸಿಕ್ಕಿತು, ಬೂದು. ನಿನ್ನೆಯಿಂದ ಸರಿದಿಲ್ಲ, ಗೆರೆಯೂ ಇಲ್ಲ. ಹಳೇ ಗೆರೆ ಉಜ್ಜುವುದು ನನ್ನ ಪಾಲಿಗೆ ಬಂದಿದೆ.