ಪಾಟಲ್ಲಿ ಸ್ಟ್ರಾಬೆರಿ: ಬೆಳೆದವರು ಹೇಳಿ

ಬಾಲ್ಕನಿವಾಸಿ: ಬೆಂಗಳೂರು, ಎರಡನೇ ಮಹಡಿ, ಬಿಸಿಲು ಬೆಳಗ್ಗೆ ಮಾತ್ರ, ನಾಲ್ಕು ಗಂಟೆ ಕಾಲ. ಮಗಳಿಗೋಸ್ಕರ ನಾಲ್ಕು ಪಾಟ್ ಇಡೋಣ ಅಂತ. ಬೀಜ ಹಾಕ್ಲಾ, ಸಸಿ ತರ್ಲಾ?

ತಾರಸಿಯಮ್ಮ: ಬೀಜದ ಸುದ್ದಿ ಎತ್ತಬೇಡಿ. 149 ರೂಪಾಯಿಗೆ ನೂರು ಬೀಜ ಅಂತ ತರಿಸಿದೆ. ಚಳಿ ತಗುಲಿದ್ರೆ ಚೆನ್ನಾಗಿ ಮೊಳೆಯುತ್ತೆ ಅಂತ ಮೂರು ವಾರ ಫ್ರಿಜ್ಜಲ್ಲಿಟ್ಟೆ, ಯಜಮಾನರ ಹತ್ರ ಬೈಸಿಕೊಂಡೆ. ಮೊಳೆತಿದ್ದು ಹನ್ನೊಂದು, ಕೊಳೆತಿದ್ದು ಒಂಬತ್ತು. ಉಳಿದೆರಡನ್ನ ಎರಡು ತಿಂಗಳು ಸಾಕಿದ ಮೇಲೆ ನೋಡಿದ್ರೆ ಪುಲ್ಲಂಪುರಚಿ ಸೊಪ್ಪು, ಅದೇ ಹುಳಿ ಕಳೆ! ಮರುವರ್ಷ ಅಕ್ಟೋಬರಲ್ಲಿ ಮಹಾಬಲೇಶ್ವರದ ಕಡೆಯಿಂದ ವಿಂಟರ್ ಡಾನ್ ಅನ್ನೋ ತಳಿಯ ಹನ್ನೆರಡು ಸಸಿ ತರಿಸಿದೆ. 540, ಕೊರಿಯರ್ 180. ಗಟ್ಟಿಯಾಗಿ ನಿಲ್ಲಲಿ ಅಂತ ಸುಳಿ ಮುಚ್ಚೋ ಹಾಗೆ ಮಣ್ಣು ಹಾಕಿದ್ದು ನನ್ನದೇ ತಪ್ಪು, ಏಳು ಕೊಳೆತು ಹೋದವು. ಪಾಟು, ಗೊಬ್ಬರ ಎಲ್ಲ ಸೇರಿ 2,310 ಖರ್ಚು, ಸಿಕ್ಕಿದ್ದು 19 ಹಣ್ಣು. ಲೆಕ್ಕ ನೀವೇ ಹಾಕ್ಕೊಳ್ಳಿ. ಮೊಮ್ಮಗ ಮಾತ್ರ ಒಂದನ್ನೂ ಬಿಡಲಿಲ್ಲ.

ಹಾಸನದ ಹೈದ: ಅಮ್ಮಾ, ನಿಮಗೆ ಸುಳಿ ಹೋಯ್ತು, ನನಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕೈಕೊಡ್ತು. ಅದರ ಐದು ಕೆಜಿ ಇಟ್ಟಿಗೆ ನೆನೆಸಿ ಹಾಗೇ ತುಂಬಿಸಿದೆ. ಹದಿನೈದು ದಿನಕ್ಕೆ ಎಲೆ ಅಂಚೆಲ್ಲ ಸುಟ್ಟ ಹಾಗೆ. ಕೋಕೋಪೀಟಲ್ಲಿ ಉಪ್ಪಿರುತ್ತೆ, ಸ್ಟ್ರಾಬೆರಿಗೆ ಉಪ್ಪು ಆಗಲ್ಲ. ಈಗ ಮೂರು ಸಲ ತೊಳೆದು, ಕ್ಯಾಲ್ಸಿಯಂ ನೈಟ್ರೇಟ್ ಗೊಬ್ಬರ ಕರಗಿಸಿದ ನೀರಲ್ಲಿ ಒಂದು ರಾತ್ರಿ ನೆನೆಸ್ತೀನಿ. ಹೋದ ಸಲ ಆರು ಗಿಡಕ್ಕೆ ಎರಡು ಕೆಜಿ ಹತ್ರ ಬಂತು. ಫೋಟೊ ಇದೆ.

ಜೀವಾಮೃತ: ಮಗುಗೆ ಕೆಮಿಕಲ್ ತಿನ್ನಿಸೋಕೆ ಮನೇಲಿ ಯಾಕ್ರೀ ಬೆಳೀಬೇಕು? ಮಾರ್ಕೆಟಲ್ಲಿ ಸಿಗಲ್ವಾ? ನಂದು ಬರೀ ಎರೆಗೊಬ್ಬರ, ಬೇವಿನ ಹಿಂಡಿ.

ಹಾಸನದ ಹೈದ: ಹಣ್ಣೆಷ್ಟು ಬಂತು ಸಾರ್?

ಜೀವಾಮೃತ: ಹಣ್ಣೊಂದೇ ಮುಖ್ಯ ಅಲ್ಲ.

ಹಾಸನದ ಹೈದ: 😂 ಗೊತ್ತಾಯ್ತು ಬಿಡಿ.

ತಾರಸಿಯಮ್ಮ: ಇಬ್ಬರೂ ಸುಮ್ನಿರಿ. ಗೊಬ್ಬರ ಯಾವುದಾದ್ರೂ ಹಾಕಿ, ಪಿಕಳಾರ ಹಕ್ಕಿ ಬಿಡಬೇಕಲ್ಲ. ತುದಿ ಕೆಂಪಗಾದ ದಿನವೇ ಕುಕ್ಕುತ್ತೆ. ಆ 19 ಹಣ್ಣೂ ನೈಲಾನ್ ಬಲೆ ಕಟ್ಟಿದ್ದಕ್ಕೆ ಉಳಿದಿದ್ದು.

ಮಲೆನಾಡ ಮಳೆ: ಅಂಥ ಬಲೆಯಲ್ಲೇ ನಮ್ಮನೇಲಿ ಒಂದು ಪಿಕಳಾರ ಕಾಲು ಸಿಕ್ಕಿಕೊಂಡು ಸತ್ತಿತ್ತು. ಬೆಳಗ್ಗೆ ಕತ್ತರಿ ಹಿಡಿದು ಬಿಡಿಸಿದ ನನಗೆ ಗೊತ್ತು. ಹತ್ತು ಹಣ್ಣಿಗೆ ಒಂದು ಹಕ್ಕಿಯಾ?

ತಾರಸಿಯಮ್ಮ: ನಾನು ಹಕ್ಕಿ ಕೊಂದೆ ಅಂದೆನಾ? ಬಿಗಿಯಾಗಿ ಎಳೆದು ಕಟ್ಟಿದ್ರೆ ಸಿಕ್ಕಿಕೊಳ್ಳೋದು ಕಮ್ಮಿ. ನೀವು ಜೋಲು ಬಿಟ್ಟಿರ್ತೀರಿ.

ಮಲೆನಾಡ ಮಳೆ: ನಮ್ಮನೆ ಬಲೆ ನೀವು ಬಂದು ನೋಡಿದ್ರಾ? ಮದುವೆಯಲ್ಲಿ ಕೊಡೋ ತೆಳ್ಳನೆ ಆರ್ಗಂಜಾ ಬಟ್ಟೆ ಚೀಲ ಇರುತ್ತಲ್ಲ, ಒಂದೊಂದು ಗೊಂಚಲಿಗೆ ಅದನ್ನೇ ಕಟ್ತೀನಿ ಈಗ.

ಜೀವಾಮೃತ: ಅದೂ ಪ್ಲಾಸ್ಟಿಕ್ಕೇ.

ಬಾಲ್ಕನಿವಾಸಿ: ಸಾರ್, ಮೇಡಂ, ನಾಲ್ಕು ಗಂಟೆ ಬಿಸಿಲು ಸಾಕಾಗುತ್ತಾ?

ಹಾಸನದ ಹೈದ: ಆರಾದ್ರೂ ಬೇಕು ಗುರು. ಜೀವಾಮೃತದವರೇ, ನಿಮ್ಮ ಬೇವಿನ ಹಿಂಡಿ ಬಂದಿದ್ದು ಯಾವ ಚೀಲದಲ್ಲಿ?